ಮೊಲ ಎದ್ದರೂ ಏಳದ ನಾಯಿ

ಹಕ್ಕ-ಬುಕ್ಕರ ಬೇಟೆನಾಯಿಗಳನ್ನು ಮೊಲವೊಂದು ತಿರುಗಿಬಿದ್ದು ಅಟ್ಟಿಸಿಕೊಂಡು ಬಂದ ಕಥೆಯನ್ನು ಕೇಳದ ಕನ್ನಡಿಗರು ಕಡಿಮೆ. ಆ ಮೊಲದ ಕೆಚ್ಚು, ಅದು ಹುಟ್ಟಿದ ನೆಲದ ಗುಣ, ಆ ನೆಲದ ಮೇಲೆ ಎದ್ದ ರಾಜಧಾನಿ, ಇವೆಲ್ಲ ಕಥೆಯಲ್ಲಿವೆ. ಓಡಿಹೋದ ನಾಯಿಗಳು ಮರುದಿನ ಬೇಟೆಗೆ ಹೊರಟವೋ, ಅಥವಾ ಬಾಲ ಮುದುರಿಕೊಂಡು ಒಲೆಯ ಬಳಿ ಮಲಗಿದವೋ ಎಂಬುದನ್ನು ಮಾತ್ರ ಯಾರೂ ಹೇಳಿಲ್ಲ. ಐತಿಹ್ಯಕ್ಕೆ ಅದು ಬೇಕಾಗಿಯೂ ಇಲ್ಲ. ಆದರೆ ಹೋದ ವರ್ಷ ಒಂದು ಎಳೆಯ ನಾಯಿಯ ಜೊತೆ ಸಾಕಷ್ಟು ಹೊತ್ತು ಕಳೆದ ಮೇಲೆ, ಆ ಕಥೆಯಲ್ಲಿ ನನಗೆ ಉಳಿದಿರುವ ಕುತೂಹಲವೆಲ್ಲ ಆ ನಾಯಿಗಳದ್ದೇ ಆಗಿದೆ.

ಕೊಡಗಿನ ಪೊನ್ನಂಪೇಟೆಯಿಂದ ಒಂದಿಷ್ಟು ಒಳಗಿರುವ ನನ್ನ ಭಾವನವರ ತೋಟದಲ್ಲಿ ಕೆಂಚನೆಂಬ ಮುಧೋಳದ ಗಂಡುನಾಯಿ ಇದೆ. ಬಾಗಲಕೋಟೆ ಜಿಲ್ಲೆಯ ಪರಿಚಿತರೊಬ್ಬರಿಂದ ಮರಿಯಾಗಿದ್ದಾಗ ತಂದದ್ದು. ಆರೇಳು ತಿಂಗಳಿಗೆಲ್ಲ ಕಾಲುಗಳು ಉದ್ದವಾಗಿ, ಎದೆ ಇಳಿದು, ಸೊಂಟ ಸಣ್ಣಗಾಗಿ, ನಿಂತಲ್ಲಿಯೇ ಓಡುತ್ತಿರುವಂತೆ ಕಾಣತೊಡಗಿತು. ಗದ್ದೆಯಲ್ಲಿ ಕೊಕ್ಕರೆ ಎದ್ದರೆ ಓಟ, ಗಾಳಿಗೆ ಪ್ಲಾಸ್ಟಿಕ್ ಚೀಲ ಹಾರಿದರೆ ಓಟ, ಮೊಲ ಎದ್ದರಂತೂ ಕೇಳುವುದೇ ಬೇಡ. ಹಾಗಿದ್ದ ನಾಯಿ ಒಂದು ವರ್ಷ ತುಂಬುವ ಹೊತ್ತಿಗೆ ಮೊಲ ಕಣ್ಣೆದುರೇ ಎದ್ದು ಹೋದರೂ ಕಿವಿಯನ್ನಷ್ಟೇ ನಿಗುರಿಸಿ, ಒಮ್ಮೆ ಮನೆಯ ಕಡೆ ನೋಡಿ, ಸುಮ್ಮನೆ ಕುಳಿತುಕೊಳ್ಳುವಂತಾಯಿತು. ಭಾವನವರು ಇದನ್ನು ಮನೆತನದ ಅವಮಾನವೆಂಬಂತೆ ತೆಗೆದುಕೊಂಡರು. "ಇದರ ಹುರುಪೇ ಸತ್ತುಹೋಗಿದೆ ನೋಡು. ತಳಿಯಲ್ಲೇ ಏನೋ ದೋಷವಿರಬೇಕು," ಎಂದು ಕಂಡವರಿಗೆಲ್ಲ ಹೇಳಿಕೊಂಡು ಬಂದರು.

ಹುರುಪು ಸಾಯುತ್ತದೆಯೇ? ನನ್ನನ್ನು ಕಾಡಿದ ಪ್ರಶ್ನೆ ಇದು. ನೂರಾರು ತಲೆಮಾರುಗಳಿಂದ ಓಡುವುದಕ್ಕೆಂದೇ ಆಯ್ದು ಬೆಳೆಸಿದ ಪ್ರಾಣಿಯೊಂದರ ಒಳಗಿನಿಂದ ಓಡುವ ಆಸೆ ಕೆಲವೇ ವಾರಗಳಲ್ಲಿ ಹೊರಟುಹೋಗುತ್ತದೆ ಎಂಬುದನ್ನು ನಂಬುವುದು ನನಗೆ ಕಷ್ಟವಾಗಿತ್ತು. ಈಗಲೂ ನಂಬುವುದಿಲ್ಲ.

ಕೂಳೆಗದ್ದೆಯ ಸಂಜೆ

ಕೆಂಚನ ಓಟ ನಿಂತ ದಿನ ನಾನು ಅಲ್ಲಿಯೇ ಇದ್ದೆ. ಕೊಡಗಿನ ಸುಗ್ಗಿಹಬ್ಬವಾದ ಪುತ್ತರಿ ಕಳೆದು ಗದ್ದೆಗಳೆಲ್ಲ ಕೊಯ್ಲಾಗಿ, ಕೂಳೆ ಒಣಗಿ ನಿಂತಿದ್ದ ಕಾಲ. ಸಂಜೆಯ ಹೊತ್ತಿಗೆ ಭಾವನವರು, ನಾನು ಮತ್ತು ಕೆಂಚ ಗದ್ದೆಗೆ ಹೊಂದಿಕೊಂಡ ಕುರುಚಲು ಜಾಗವಾದ ಬಾಣೆಯ ಅಂಚಿನಿಂದ ಗದ್ದೆಗೆ ಇಳಿದಿದ್ದೆವು. ಬದುವಿನ ಪಕ್ಕದ ಹುಲ್ಲಿನಿಂದ ಮೊಲವೊಂದು ಚಿಮ್ಮಿತು. ನಮ್ಮ ಕಡೆಯ ಮೊಲ ಬಿಲ ತೋಡುವುದಿಲ್ಲ. ಹುಲ್ಲಿನ ನಡುವೆ ಮೈಯಷ್ಟೇ ಅಗಲದ ತಗ್ಗು ಮಾಡಿಕೊಂಡು, ಕತ್ತಿನ ಹಿಂಭಾಗದ ಕಪ್ಪು ಮಚ್ಚೆಯೂ ಕಾಣದಂತೆ ಕಿವಿಗಳನ್ನು ಬೆನ್ನಿಗೆ ಒತ್ತಿಕೊಂಡು ಹಗಲೆಲ್ಲ ಕುಳಿತಿರುತ್ತದೆ. ಕಾಲು ತಗಲುವಷ್ಟು ಹತ್ತಿರ ಹೋಗುವವರೆಗೂ ಏಳುವುದಿಲ್ಲ. ಎದ್ದಾಗ ಮಾತ್ರ ಅದರ ಪ್ರಾಣವೆಲ್ಲ ಹಿಂಗಾಲಿನಲ್ಲಿರುತ್ತದೆ. ಕೆಂಚ ಬಾಣದಂತೆ ಹೊರಟ. ಮೊಲ ಎಡಕ್ಕೆ ಕತ್ತರಿಸಿತು, ಕೆಂಚ ಜಾರಿ ಮತ್ತೆ ಹಿಡಿದುಕೊಂಡ. ಇನ್ನೇನು ಅಂತರ ಕಡಿಮೆಯಾಗುತ್ತಿದೆ ಎನ್ನುವಷ್ಟರಲ್ಲಿ ಪಕ್ಕದ ತೋಟದ ಕಾವಲಿನವರು ಆನೆ ಓಡಿಸುವುದಕ್ಕೆ ಗರ್ನಾಲು ಸಿಡಿಸಿದರು. ಗದ್ದೆ ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿದ್ದುದರಿಂದ ಸದ್ದು ಒಮ್ಮೆಗೆ ಮುಗಿಯದೆ ಸುತ್ತಲೂ ಉರುಳಿತು. ಓಡುತ್ತಿದ್ದ ನಾಯಿ ಗಾಳಿಯಲ್ಲಿಯೇ ಮೈ ತಿರುಗಿಸಿಕೊಂಡಿತು ಎಂದರೆ ನಂಬಬೇಕು. ನೆಲ ಮುಟ್ಟಿದ್ದೇ ನಮ್ಮನ್ನೂ ದಾಟಿ ಮನೆಯ ಕಡೆ ಓಡಿತು. ಆ ರಾತ್ರಿ ಮಂಚದ ಕೆಳಗಿನಿಂದ ಅದನ್ನು ಹೊರಗೆ ಕರೆಯಲು ಯಾರಿಂದಲೂ ಆಗಲಿಲ್ಲ.

ಸದ್ದಿಗೆ ಹೆದರುವ ನಾಯಿ ಕೊಡಗಿನಲ್ಲಿ ಬಾಳುವುದು ಸುಲಭವಲ್ಲ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು, ಆಯುಧಗಳನ್ನು ಪೂಜಿಸುವ ಹಬ್ಬವಾದ ಕೈಲ್‌ಪೋಳ್ದಿಗೆ ತೆಂಗಿನಕಾಯಿಗೆ ಗುರಿ, ಪುತ್ತರಿಯ ಕದಿರು ಕೊಯ್ಯುವಾಗ ಮತ್ತೆ ಗುಂಡು. ಇವುಗಳ ನಡುವೆ ಆನೆಗಳ ಲೆಕ್ಕದಲ್ಲಿ ವರ್ಷವಿಡೀ ಪಟಾಕಿ. ಆದ್ದರಿಂದ ಇಲ್ಲಿಯ ಬಹುತೇಕ ನಾಯಿಗಳು ಸದ್ದಿಗೆ ಒಗ್ಗಿಕೊಂಡಿರುತ್ತವೆ. ಕೆಂಚನೂ ದೂರದ ಪಟಾಕಿಗಳಿಗೆ ಅದುವರೆಗೆ ತಲೆ ಕೆಡಿಸಿಕೊಂಡವನಲ್ಲ. ಹಾಗಾಗಿ ಅವನು ಹೆದರಿದ್ದು ಬರಿಯ ಸದ್ದಿಗಲ್ಲ ಎಂದು ನನಗೆ ಅನ್ನಿಸಿತು. ಇಡೀ ಮೈಮನಸ್ಸುಗಳು ಒಂದೇ ಬಿಂದುವಿನಲ್ಲಿ ನೆಟ್ಟಿದ್ದ ಕ್ಷಣದಲ್ಲಿ ಆ ಸದ್ದು ಬಂದಿತ್ತು, ಮತ್ತು ಆ ಬಿಂದು ಮೊಲವಾಗಿತ್ತು. ಆಕಾಶ ಒಡೆಯುವ ಮುನ್ನ ತಾನು ಏನು ಮಾಡುತ್ತಿದ್ದೆ ಎಂದು ನಾಯಿ ಕೇಳಿಕೊಂಡರೆ ಸಿಗುವ ಉತ್ತರ ಒಂದೇ: ಮೊಲದ ಹಿಂದೆ ಓಡುತ್ತಿದ್ದೆ.

ಎಲ್ಲರೂ ವೈದ್ಯರೇ

ಊರಿನಲ್ಲಿ ನಾಯಿಯ ವಿಷಯ ಎತ್ತಿದರೆ ಸಲಹೆಗೆ ಬರವಿಲ್ಲ. ಒಂದು ದಿನ ಉಪವಾಸ ಕೆಡವಿ, ತಾನಾಗಿ ಓಡುತ್ತದೆ ಎಂದರು ಒಬ್ಬರು. ಜೀವಂತ ಮೊಲ ಹಿಡಿದು ತಂದು ಕಣದಲ್ಲಿ ಅದರ ಮುಂದೆ ಬಿಡಿ, ಒಮ್ಮೆ ರಕ್ತದ ರುಚಿ ಹತ್ತಿದರೆ ಸರಿಹೋಗುತ್ತದೆ ಎಂದರು ಇನ್ನೊಬ್ಬರು. ಭಾವನವರಂತೂ ಕೆಂಚನ ಕೊರಳಪಟ್ಟಿ ಹಿಡಿದು ಗದ್ದೆಗೆ ಎಳೆದೊಯ್ದು, ಪೊದೆಗಳನ್ನು ಬಡಿದು, "ಹೋಗು, ಹಿಡಿ" ಎಂದು ಹುರಿದುಂಬಿಸುವುದನ್ನು ದಿನಚರಿಯಾಗಿ ಮಾಡಿಕೊಂಡಿದ್ದರು. ಹೊತ್ತುಕೊಂಡು ಹೋದ ನಾಯಿ ಮೊಲ ಹಿಡಿದೀತೇ ಎಂಬ ಗಾದೆಯನ್ನು ಅವರೇ ಎಷ್ಟೋ ಬಾರಿ ಬೇರೆಯವರ ಮಕ್ಕಳ ಓದಿನ ವಿಷಯದಲ್ಲಿ ಹೇಳಿದ್ದುಂಟು. ಸ್ವಂತ ನಾಯಿಯ ವಿಷಯಕ್ಕೆ ಅದು ನೆನಪಾಗಲಿಲ್ಲ.

ಈ ಸಲಹೆಗಳೆಲ್ಲದರ ಬುಡದಲ್ಲಿ ಒಂದೇ ತಪ್ಪು ತಿಳಿವಳಿಕೆ ಇದೆ. ಬೆನ್ನಟ್ಟುವುದು ಹೊಟ್ಟೆಯ ಕೆಲಸವೆಂದು ನಾವು ಭಾವಿಸುತ್ತೇವೆ. ಕಣ್ಣಿಡುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು, ತಿನ್ನುವುದು, ಇವು ತೋಳದಲ್ಲಿ ಒಂದರ ಹಿಂದೊಂದು ಬರುವ ಸರಪಳಿ. ಮನುಷ್ಯ ನಾಯಿಯ ತಳಿಗಳನ್ನು ಮಾಡುವಾಗ ಈ ಸರಪಳಿಯ ಕೊಂಡಿಗಳನ್ನು ಬಿಡಿಸಿ, ಒಂದೊಂದು ತಳಿಯಲ್ಲಿ ಒಂದೊಂದನ್ನು ದೊಡ್ಡದು ಮಾಡಿದ. ಕುರಿ ಕಾಯುವ ನಾಯಿಯಲ್ಲಿ ಕಣ್ಣು ಮತ್ತು ಹೊಂಚು ಉಳಿದು ಕೊಲ್ಲುವ ಕೊಂಡಿ ಸವೆದಿದೆ. ಮುಧೋಳದಂಥ ಓಟದ ನಾಯಿಯಲ್ಲಿ ಅಟ್ಟುವ ಕೊಂಡಿ ಎಷ್ಟು ಬೆಳೆದಿದೆಯೆಂದರೆ ಅದಕ್ಕೆ ಓಟವೇ ಊಟ. ತುಂಬಿದ ಹೊಟ್ಟೆಯಲ್ಲೂ ಅದು ಓಡುತ್ತದೆ. ಹಸಿದು ಹೆದರಿದ ನಾಯಿ ಮಾತ್ರ ಹಸಿದುಕೊಂಡೇ ಮೂಲೆಯಲ್ಲಿ ಕೂರುತ್ತದೆ.

ಮನಸ್ಸಿಗೆ ಹೋಗುವ ಮುನ್ನ ಮೈಯನ್ನು ನೋಡಬೇಕೆಂದು ನಾನು ಹಟ ಹಿಡಿದೆ. ಗದ್ದೆಯ ಘಟನೆ ಕಣ್ಣಿಗೆ ಕಟ್ಟಿದಂತಿದ್ದರೂ ಅದೊಂದೇ ಕಾರಣವಾಗಿರಬೇಕೆಂದಿಲ್ಲ. ತೋಟದ ನಾಯಿಗಳಲ್ಲಿ ಮಂಕು ಕವಿದರೆ ಮೊದಲು ಸಂಶಯಪಡಬೇಕಾದದ್ದು ಉಣ್ಣೆಯನ್ನು. ಉಣ್ಣೆ ಕಚ್ಚಿ ಬರುವ ಎರ್ಲಿಕಿಯಾ, ಬೆಬಿಸಿಯಾ ಜ್ವರಗಳು ಒಮ್ಮೊಮ್ಮೆ ಹೆಚ್ಚು ಸದ್ದು ಮಾಡದೆ ಒಳಗೇ ಹೊಗೆಯಾಡುತ್ತವೆ. ನಾಯಿ ತಿನ್ನುತ್ತದೆ, ನಡೆಯುತ್ತದೆ, ಆದರೆ ಓಡುವ ಮನಸ್ಸು ಮಾಡುವುದಿಲ್ಲ, ವಸಡು ಬಿಳಿಚಿಕೊಂಡಿರುತ್ತದೆ. ಮಳೆಗಾಲದ ನಂತರವಾದರೆ ಮೂಗನ್ನೂ ನೋಡಬೇಕು. ತೊರೆಯಲ್ಲಿ ನೀರು ಕುಡಿಯುವಾಗ ಸಣ್ಣ ಜಿಗಣೆಯೊಂದು ಹೊಳ್ಳೆಯೊಳಗೆ ಸೇರಿ ವಾರಗಟ್ಟಲೆ ಅಲ್ಲೇ ಬೀಡುಬಿಡುವುದುಂಟು. ಪದೇ ಪದೇ ಸೀನು, ಒಂದೇ ಹೊಳ್ಳೆಯಿಂದ ರಕ್ತ, ಇದು ಅದರ ಗುರುತು. ಅಂಥ ನಾಯಿ ವಾಸನೆ ಹಿಡಿಯಲಿಲ್ಲವೆಂದು ಬೈದರೆ ಅದು ಎಲ್ಲಿಗೆ ಹೋಗಬೇಕು? ಪಶುವೈದ್ಯರು ಕೆಂಚನ ರಕ್ತ ಪರೀಕ್ಷಿಸಿ ಜ್ವರವಿಲ್ಲವೆಂದರು. ಆದರೆ ಮುಂಗಾಲಿನ ಮೆತ್ತೆಯಲ್ಲಿ ಕೂಳೆ ಕೊಯ್ದ ಗಾಯವೊಂದು ಮೇಲೆ ಮುಚ್ಚಿಕೊಂಡು ಒಳಗೆ ಕೀವುಗಟ್ಟಿತ್ತು. ಅದು ಆ ಸಂಜೆಯದ್ದೋ, ಭಾವನವರು ಎಳೆದೊಯ್ದ ದಿನಗಳದ್ದೋ ತಿಳಿಯದು. ಯಾವಾಗಿನದ್ದಾದರೂ ನಾಯಿಯ ಲೆಕ್ಕಕ್ಕೆ ಮತ್ತೊಂದು ಕಾರಣ ಸೇರಿತ್ತು: ಗದ್ದೆಯಲ್ಲಿ ಓಡಿದರೆ ನೋಯುತ್ತದೆ.

ಬಯಲಿನ ಕಣ್ಣಿಗೆ ಕಾಫಿ ಗಿಡ

ಇನ್ನೊಂದು ಸಂಗತಿಯನ್ನು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಮುಧೋಳದ ನಾಯಿ ಕಣ್ಣಿನ ನಾಯಿ. ಘೋರ್ಪಡೆ ಅರಸರ ಆಶ್ರಯದಲ್ಲಿ ಹೆಸರು ಪಡೆದ ಈ ತಳಿ, ದಿಗಂತದವರೆಗೆ ನೋಟ ತಡೆಯಿಲ್ಲದೆ ಹರಿಯುವ ಬಯಲುಸೀಮೆಯದ್ದು. ಜೋಳದ ಹೊಲದ ಆಚೆ ಎದ್ದ ಮೊಲ ಅದಕ್ಕೆ ಕೊನೆಯವರೆಗೂ ಕಾಣುತ್ತಿರುತ್ತದೆ. ಕಾಣುತ್ತಿರುವವರೆಗೂ ಅದು ಓಡುತ್ತದೆ. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚೀಟಿ ತಂದ ಮೇಲೆ, ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದ ಹೆಸರು ಹರಡಿದ ಮೇಲೆ, ಸೇನೆಯವರೂ ಮರಿಗಳನ್ನು ಒಯ್ದ ಮೇಲೆ, ಮಲೆನಾಡಿನವರಿಗೂ ಒಂದು ಮುಧೋಳ ಬೇಕೆನಿಸಿದ್ದು ಸಹಜವೇ. ಆದರೆ ಕಾಫಿ ತೋಟದಲ್ಲಿ ನೋಟ ಎಷ್ಟು ದೂರ ಹೋಗುತ್ತದೆ? ರೊಬಸ್ಟಾ ಕಾಫಿ ಗಿಡದ ರೆಂಬೆಗಳು ಒಂದಕ್ಕೊಂದು ಹೆಣೆದುಕೊಂಡಿರುವಲ್ಲಿ ಮೊಲ ಎರಡು ಸಾಲು ದಾಟಿದರೆ ಮುಗಿಯಿತು, ಕಣ್ಣಿನ ನಾಯಿಯ ಪಾಲಿಗೆ ಅದು ಲೋಕದಲ್ಲೇ ಇಲ್ಲ.

ನಮ್ಮ ನಾಟಿ ನಾಯಿಗಳು ಈ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡುತ್ತವೆ. ಮೂಗನ್ನು ನೆಲಕ್ಕಿಟ್ಟು, ಬೊಗಳುತ್ತ, ಒಂದನ್ನೊಂದು ಕೂಗಿ ಸೇರಿಸಿಕೊಳ್ಳುತ್ತ, ನಿಧಾನವಾಗಿ. ಇಬ್ಬನಿ ಆರದ ಬೆಳಗಿನಲ್ಲಿ ನೆಲದ ವಾಸನೆ ನಿಂತಿರುತ್ತದೆ. ಬಿಸಿಲೇರಿ ನಾಯಿ ತೇಕತೊಡಗಿದರೆ, ತೇಕುವ ಬಾಯಿಯೂ ಮೂಸುವ ಮೂಗೂ ಒಟ್ಟಿಗೆ ಕೆಲಸ ಮಾಡಲಾರವು. ಹಳಬರು ಬೆಳಗಿನ ಜಾವವೇ ಹೊರಡುತ್ತಿದ್ದುದಕ್ಕೆ ಇದೂ ಒಂದು ಕಾರಣ. ಬೇಟೆಯ ಮಾಂಸ ಹಂಚುವಾಗ ನಾಯಿಯ ಹೆಸರಿನಲ್ಲೂ ಒಂದು ಪಾಲು ತೆಗೆಯುತ್ತಿದ್ದುದನ್ನು ನಮ್ಮ ಅಜ್ಜ ಹೇಳುತ್ತಿದ್ದರು. ಆ ಪಾಲು ಪಡೆದ ನಾಯಿಗಳೆಲ್ಲ ಮೂಗಿನವೇ. ಕೆಂಚ ತೋಟದೊಳಗೆ ಹೊಕ್ಕು ಪ್ರತಿ ಬಾರಿಯೂ ಕೆಲವೇ ಕ್ಷಣಗಳಲ್ಲಿ ಮೊಲವನ್ನು ಕಳೆದುಕೊಂಡು, ಪೆಚ್ಚಾಗಿ ನಿಂತು, ಹಿಂತಿರುಗಿ ಬರುತ್ತಿದ್ದುದನ್ನು ಭಾವನವರು ಗರ್ನಾಲಿಗಿಂತ ಮೊದಲೇ ಕಂಡಿದ್ದರು. ಅದನ್ನೂ ಸೋಮಾರಿತನದ ಖಾತೆಗೇ ಬರೆದಿದ್ದರು. ಗೆಲುವೇ ಇಲ್ಲದ ಆಟದಲ್ಲಿ ಎಳೆಯ ಪ್ರಾಣಿ ಎಷ್ಟು ದಿನ ಆಸಕ್ತಿ ಉಳಿಸಿಕೊಂಡೀತು?

ಲೆನಿನ್‌ಗ್ರಾಡಿನ ನೆರೆ

ಹೆದರಿಕೆ ಹೊಕ್ಕ ನಾಯಿ ಹಿಂದಿನಂತೆ ಆಗುತ್ತದೆಯೇ ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯಂತ ಒಳ್ಳೆಯ ಸಾಕ್ಷಿ ಗಂಟೆ, ದೀಪದಂಥ ಸೂಚನೆಗಳಿಗೆ ಊಟವನ್ನು ನಿರೀಕ್ಷಿಸಲು ನಾಯಿಗಳಿಗೆ ಕಲಿಸುತ್ತಿದ್ದ ರಷ್ಯಾದ ವಿಜ್ಞಾನಿ ಪಾವ್ಲೋವನ ಪ್ರಯೋಗಶಾಲೆಯದ್ದು. 1924ರ ಸೆಪ್ಟೆಂಬರಿನಲ್ಲಿ ಲೆನಿನ್‌ಗ್ರಾಡಿಗೆ ದೊಡ್ಡ ನೆರೆ ಬಂದಾಗ ಅಲ್ಲಿಯ ನಾಯಿಗೂಡುಗಳಿಗೆ ನೀರು ನುಗ್ಗಿತು. ನಾಯಿಗಳನ್ನು ನೀರಿನಲ್ಲಿ ಈಜಿಸಿಕೊಂಡೇ ಹೊರಗೆ ತರಬೇಕಾಯಿತು. ಎಲ್ಲವೂ ಬದುಕಿ ಉಳಿದಂತೆ ಕಂಡರೂ, ಕೆಲವು ನಾಯಿಗಳು ಅದುವರೆಗೆ ಕಲಿತದ್ದನ್ನೆಲ್ಲ ಮರೆತಂತೆ ವರ್ತಿಸತೊಡಗಿದವು; ಗಂಟೆ, ದೀಪ ಯಾವುದಕ್ಕೂ ಹಿಂದಿನ ಪ್ರತಿಕ್ರಿಯೆ ಇಲ್ಲ. ಅವುಗಳಲ್ಲೊಂದನ್ನು ಮತ್ತೆ ದಾರಿಗೆ ತಂದ ಬಗೆ ಸ್ವಾರಸ್ಯಕರವಾಗಿದೆ. ಸಾಮಾನ್ಯವಾಗಿ ಪ್ರಯೋಗದ ಕೋಣೆಯಲ್ಲಿ ನಾಯಿ ಒಂದೇ ಇರುತ್ತಿತ್ತು. ಈಗ ಪ್ರಯೋಗ ಮಾಡುವವನು ತಾನೂ ಅದೇ ಕೋಣೆಯಲ್ಲಿ ಕುಳಿತ. ಪರಿಚಿತ ಮನುಷ್ಯ ಬಳಿಯಿದ್ದಾಗ ಕಳೆದುಹೋದದ್ದು ಮರಳಿತು. ಎದ್ದು ಹೋದರೆ ಮತ್ತೆ ಮಾಯವಾಯಿತು. ನಿಧಾನವಾಗಿ ಎಲ್ಲ ಸರಿಹೋದ ಮೇಲೆ ಒಂದು ದಿನ ಬಾಗಿಲ ಕೆಳಗಿನಿಂದ ಒಂದಿಷ್ಟು ನೀರು ಹರಿಯಬಿಟ್ಟರು. ಅಷ್ಟಕ್ಕೇ ನಾಯಿ ಮತ್ತೆ ನೆರೆಯ ದಿನಕ್ಕೆ ಜಾರಿತು.

ಇದರಲ್ಲಿ ನನಗೆ ಕಂಡದ್ದು ಎರಡು. ಕಲಿತದ್ದು ಅಳಿಸಿಹೋಗಿರಲಿಲ್ಲ, ಹೆದರಿಕೆ ಅದರ ಮೇಲೆ ಕುಳಿತಿತ್ತು. ಹೆದರಿಕೆಯೂ ಹಾಗೆಯೇ, ಅದು ಹೋಯಿತೆಂದು ನಾವು ಅಂದುಕೊಂಡ ಮೇಲೂ ಒಳಗಿರುತ್ತದೆ. ಕಲಿತ ಅಭ್ಯಾಸದ ಗತಿಯೇ ಹೀಗಾದರೆ, ಕೆಂಚನ ಓಟದಂಥ ಹುಟ್ಟುಗುಣ ಅಳಿಸಿಹೋಗುವ ಮಾತೆಲ್ಲಿ? ಹಾಗಾಗಿ ಹುರುಪನ್ನು ಹೊಸದಾಗಿ ತುಂಬುವ ಕೆಲಸ ನಮ್ಮದಲ್ಲ. ಮೇಲೆ ಕುಳಿತದ್ದು ತಾನಾಗಿ ಏಳುವಂಥ ವಾತಾವರಣ ಮಾಡಬೇಕು, ಅದರ ಹೆಗಲ ಮೇಲೆ ನಮ್ಮ ಅವಸರವನ್ನೂ ಹೇರಬಾರದು.

ಮೊಲವಿಲ್ಲದ ಓಟ

ಇಷ್ಟರ ನಡುವೆ ಕಾನೂನಿನ ಮಾತೊಂದನ್ನು ಭಾವನವರಿಗೆ ಹೇಳಲೇಬೇಕಾಯಿತು. ಮೊಲವನ್ನು ಕೊಲ್ಲದೆ ಬರಿದೇ ಅಟ್ಟಿಸಿದರೆ ತಪ್ಪೇನು ಎಂಬುದು ಅವರ ವಾದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎಂಬುದನ್ನು ವಿವರಿಸುವಾಗ ಕೊಲ್ಲುವುದನ್ನಷ್ಟೇ ಹೇಳಿ ಬಿಟ್ಟಿಲ್ಲ. ಹಿಡಿಯುವುದು, ಉರುಳೊಡ್ಡುವುದು, ಅಟ್ಟುವುದು, ಅದಕ್ಕೆ ಪ್ರಯತ್ನಿಸುವುದು, ಎಲ್ಲವೂ ಬೇಟೆಯೇ. ನಮ್ಮ ತೋಟ, ನಮ್ಮ ನಾಯಿ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಕೊಡವರಿಗೂ, ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ, ನಿಜ. ಆದರೆ ವಿನಾಯಿತಿ ಕೋವಿಗೆ, ಮೊಲಕ್ಕಲ್ಲ. ಭಾವನವರು ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಆದರೂ ಈ ಮಾತಿಗೆ ಸುಮ್ಮನಾದರು. ನನಗಂತೂ ಇದರಿಂದ ಬೇಸರವೇನೂ ಇಲ್ಲ. ಮೊಲ ತನ್ನ ಪಾಡಿಗೆ ಹುಲ್ಲು ಮೇಯಲಿ. ನಾಯಿಗೆ ಬೇಕಾದದ್ದು ಮೊಲ ಎಂದು ಹೇಳಿದವರು ನಾವು, ನಾಯಿಯಲ್ಲ.

ನಾಯಿಗೆ ಬೇಕಾದದ್ದು ತನ್ನೆದುರು ತಪ್ಪಿಸಿಕೊಂಡು ಓಡುವ ಒಂದು ವಸ್ತು. ಇದನ್ನು ಇಂಗ್ಲೆಂಡಿನವರು ಬಹಳ ಹಿಂದೆಯೇ ಕಂಡುಕೊಂಡಿದ್ದರು. 1876ರಲ್ಲಿ ಲಂಡನ್ನಿನ ಹೆಂಡನ್ ಬಳಿ ಹಳಿಯ ಮೇಲೆ ಕೃತಕ ಮೊಲವೊಂದನ್ನು ರಾಟೆಯಿಂದ ಎಳೆದು ಅದರ ಹಿಂದೆ ನಾಯಿಗಳನ್ನು ಓಡಿಸಿದರು. ನೇರ ಹಳಿಯ ಆ ಓಟ ನೋಡುವ ಜನಕ್ಕೆ ರುಚಿಸದೆ ನಿಂತುಹೋಯಿತು. 1919ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅದೇ ಉಪಾಯ ಸುತ್ತುಹಾದಿಯ ಮೇಲೆ ಬಂದು ದೊಡ್ಡ ಜೂಜಾಗಿ ಬೆಳೆಯಿತು. ಜೂಜಿನ ಆ ನಾಯಿಗಳ ಪಾಡು ಬೇರೆಯೇ ದುಃಖದ ಕಥೆ. ಆದರೆ ಹೆಂಡನ್ನಿನ ರಾಟೆಯನ್ನು ಓದಿದಾಗ ನನ್ನ ಕಣ್ಣು ಹೋದದ್ದು ಭಾವನವರ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಸೈಕಲ್ಲಿನ ಕಡೆಗೆ.

ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ, ಹಿಂದಿನ ಚಕ್ರದ ಟಯರು ಕಿತ್ತು, ಬರಿ ರಿಮ್ಮಿಗೆ ನೈಲಾನ್ ಹಗ್ಗ ಕಟ್ಟಿದೆವು. ಹಗ್ಗದ ಇನ್ನೊಂದು ತುದಿಗೆ ಗೋಣಿಯ ಚಿಂದಿ, ಅದರೊಳಗೆ ಸದ್ದು ಮಾಡುವ ಒಂದು ಪ್ಲಾಸ್ಟಿಕ್ ಚೀಲ. ಪೆಡಲು ತಿರುಗಿಸಿದರೆ ಚಿಂದಿ ನೆಲದ ಮೇಲೆ ಮೊಲಕ್ಕಿಂತ ಚೆನ್ನಾಗಿ ಪುಟಿಯುತ್ತ ಬರುತ್ತದೆ. ಗದ್ದೆಗೆ ಹೋಗಲಿಲ್ಲ. ಕಾಫಿ ಒಣಗಿಸಿ ಮುಗಿದು ಖಾಲಿಯಾಗಿದ್ದ ಕಣದ ಪಕ್ಕದ ಮಣ್ಣಿನ ಬಯಲನ್ನೇ ಆರಿಸಿಕೊಂಡೆವು. ಅಲ್ಲಿ ನೆಲ ಮೆತ್ತಗಿದೆ, ನೋಟಕ್ಕೆ ಅಡ್ಡವಿಲ್ಲ, ಕೆಟ್ಟ ನೆನಪೂ ಇಲ್ಲ. ಕಾಲಿನ ಗಾಯ ಪೂರ್ತಿ ಮಾಗುವವರೆಗೆ ಕೆಂಚನಿಗೆ ಓಟದ ಹೆಸರೇ ಎತ್ತದೆ, ಹಗ್ಗ ಹಿಡಿದು ಅವನ ಇಷ್ಟದ ದಾರಿಯಲ್ಲಿ ನಡೆದಾಡಿಸಿದ್ದಷ್ಟೇ.

ಮೊದಲ ದಿನ ಅವನನ್ನು ಬಿಡಲೇ ಇಲ್ಲ. ತೋಟದ ಕೆಲಸಗಾರರ ಲೈನ್ ಮನೆಯ ಕಡೆಯ ಮುದಿ ಹೆಣ್ಣುನಾಯಿಯೊಂದಿದೆ, ಯಾವ ವಂಶವೆಂದು ಹೇಳಲಾಗದ ನಾಟಿ. ಅದಕ್ಕೆ ಚಿಂದಿ ಅಟ್ಟಲು ಬಿಟ್ಟೆವು. ಕುಂಟುತ್ತ, ಬೊಗಳುತ್ತ ಅದು ಓಡಿ, ಹಿಡಿದು, ಕೊಡವಿ ಸಂಭ್ರಮಪಟ್ಟಿತು. ಕೆಂಚ ನನ್ನ ಪಕ್ಕದಲ್ಲಿ ಹಗ್ಗದಲ್ಲಿದ್ದ. ಮೊದಲು ಮುಖ ಬೇರೆಡೆ ತಿರುಗಿಸಿಕೊಂಡಿದ್ದವನು ಆಮೇಲೆ ಕಳ್ಳನೋಟದಲ್ಲಿ ನೋಡಿದ. ಮತ್ತೊಮ್ಮೆ ಚಿಂದಿ ಓಡಿದಾಗ ಅವನ ಹಿಂಗಾಲಿನ ಸ್ನಾಯು ಅದುರಿದ್ದು ನನ್ನ ಮೊಣಕಾಲಿಗೆ ತಿಳಿಯಿತು. "ಬಿಡು, ಈಗ ಬಿಡು" ಎಂದರು ಭಾವನವರು. "ಬೇಡ ಭಾವ, ನೀವು ಚಕ್ರ ನಿಲ್ಲಿಸಿ," ಎಂದೆ. ಅವರಿಗೆ ಅದು ಹುಚ್ಚಾಟವೆನಿಸಿತು. ಸೈಕಲ್ಲನ್ನು ಅಲ್ಲೇ ಬಿಟ್ಟು ಕಾಫಿ ಕುಡಿಯಲು ಹೊರಟುಹೋದರು. ಆಸೆ ಹುಟ್ಟಿದ ಗಳಿಗೆಯಲ್ಲೇ ಅದನ್ನು ತೀರಿಸಿದರೆ ಅಲ್ಲಿಗೇ ಮುಗಿಯುತ್ತದೆ, ಒಂದು ರಾತ್ರಿ ಅದರೊಂದಿಗೆ ಮಲಗಿದರೆ ಬೆಳೆಯುತ್ತದೆ. ಮುಂದೆ ಬಿಟ್ಟಾಗ ಅವನು ಅರ್ಧ ದಾರಿ ಓಡಿ ನಿಂತ, ಸುತ್ತ ನೋಡಿದ, ಏನೂ ಸಿಡಿಯಲಿಲ್ಲವೆಂದು ಖಾತ್ರಿ ಮಾಡಿಕೊಂಡು ಉಳಿದರ್ಧ ಓಡಿದ. ಚಿಂದಿಯನ್ನು ಅವನ ಬಾಯಿಗೆ ಸಿಗುವಂತೆ ನಿಧಾನಿಸಿದೆವು. ಹಿಡಿದ ಮೇಲೆ ಕಿತ್ತುಕೊಳ್ಳದೆ, ಎತ್ತಿಕೊಂಡು ಮೆರೆಯಲು ಬಿಟ್ಟೆವು. ಇನ್ನೂ ಬೇಕು ಎನ್ನುತ್ತಿರುವಾಗಲೇ ಪ್ರತಿ ಬಾರಿ ಆಟ ಮುಗಿಸಿದೆವು. ಬೇಸಗೆಯ ಮಳೆ ಬಿದ್ದು ಕಾಫಿ ಹೂವಾಗುವ ಹೊತ್ತಿಗೆ, ಸೈಕಲ್ಲನ್ನು ಕೊಟ್ಟಿಗೆಯಿಂದ ಹೊರಗೆ ತರುವ ಸದ್ದಿಗೇ ಅವನು ಕುಣಿಯುವಂತಾಗಿದ್ದ.

ಸಿಡಿಮದ್ದಿನ ಕೆಲಸ ಇಷ್ಟು ಸಲೀಸಾಗಲಿಲ್ಲ. ಮೊಬೈಲಿನಲ್ಲಿ ಪಟಾಕಿಯ ಸದ್ದನ್ನು ಸಣ್ಣಗೆ ಹಾಕಿ, ಜೊತೆಗೆ ಬೇಯಿಸಿದ ಕೋಳಿಯ ಚೂರು ಕೊಡುತ್ತ, ದಿನದಿಂದ ದಿನಕ್ಕೆ ಸದ್ದು ಏರಿಸುವುದು ಎಲ್ಲರೂ ಹೇಳುವ ಕ್ರಮ. ಮಾಡಿದೆವು. ಮೊಬೈಲಿನ ಸದ್ದಿಗೆ ಕೆಂಚ ಈಗ ಬಾಲ ಅಲ್ಲಾಡಿಸುತ್ತಾನೆ, ನಿಜವಾದ ಗರ್ನಾಲಿಗೆ ಮಾತ್ರ ಕುಗ್ಗುತ್ತಾನೆ. ಸಣ್ಣ ಸ್ಪೀಕರಿನಲ್ಲಿ ಆ ತಗ್ಗಿನ ಗುಡುಗು, ನೆಲದ ಅದುರು ಬರುವುದಿಲ್ಲ. ನಾಯಿಯ ಪಾಲಿಗೆ ಅವೆರಡು ಬೇರೆ ಬೇರೆ ವಸ್ತುಗಳು. ನಿಜವಾದ ಸದ್ದು ದೂರದಲ್ಲಿ ಕೇಳಿದಾಗಲೆಲ್ಲ, ಅದು ಎಲ್ಲಿಂದ ಬಂದರೂ ಸರಿ, ಮನೆಯವರು ಕೈಯಲ್ಲಿದ್ದ ಕೆಲಸ ಬಿಟ್ಟು ಅವನಿಗೊಂದು ಚೂರು ಮಾಂಸ ಕೊಡುವ ರೂಢಿ ಮಾಡಿಕೊಂಡ ಮೇಲೆ ಒಂದಿಷ್ಟು ಪ್ರಯೋಜನ ಕಂಡಿದೆ. ಈಗ ದೂರದಲ್ಲಿ ಸಿಡಿದರೆ ಮಂಚದ ಕೆಳಗೆ ಓಡುವ ಬದಲು ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಹತ್ತಿರ ಸಿಡಿದರೆ ಇಂದಿಗೂ ಮಂಚವೇ ಗತಿ. ಪುತ್ತರಿಯ ರಾತ್ರಿ ಅವನನ್ನು ಒಳಗಿನ ಕೋಣೆಯಲ್ಲಿ ಕಿಟಕಿ ಮುಚ್ಚಿ, ಅಕ್ಕನ ಜೊತೆ ಇರಿಸುವುದೆಂದು ತೀರ್ಮಾನವಾಗಿದೆ. ಕದಿರು ತರುವ ಸಂಭ್ರಮವನ್ನು ಅಕ್ಕ ನಾಯಿಗಾಗಿ ಬಿಡುತ್ತಿರುವುದು ಭಾವನವರಿಗೆ ಅಷ್ಟಾಗಿ ಹಿಡಿಸಿಲ್ಲ.

ಬಾಣೆಯ ಕಡೆ ಹೋಗುವಾಗ ಕೆಂಚ ಈಗ ಉದ್ದನೆಯ ಹಗ್ಗದಲ್ಲಿರುತ್ತಾನೆ. ಮೊಲ ಎದ್ದರೆ ಹಗ್ಗ ಬಿಗಿಯಾಗುತ್ತದೆ, ಕೊರಳಿನಿಂದ ಸಣ್ಣ ಕುಯ್‌ಗುಡುವಿಕೆ ಬರುತ್ತದೆ. ಹುರುಪು ಸತ್ತಿದೆಯೆಂದು ಹೇಳುತ್ತಿದ್ದವರಿಗೆ ಆಗ ಅವನನ್ನು ಹಿಡಿದುಕೊಳ್ಳಲು ಎರಡೂ ಕೈ ಬೇಕು. ಭಾವನವರ ಆಸಕ್ತಿಯಂತೂ ಮೊಲದಿಂದ ಸೈಕಲ್ಲಿಗೆ ಪೂರ್ತಿ ವರ್ಗವಾಗಿದೆ. ಹಗ್ಗವನ್ನು ಗೂಟಗಳಿಗೆ ರಾಟೆ ಹಾಕಿ ತಿರುಗಿಸಿ, ಚಿಂದಿ ಮೊಲದಂತೆಯೇ ಎಡಬಲಕ್ಕೆ ಕತ್ತರಿಸುವಂತೆ ಮಾಡಬೇಕೆಂದು ಅವರು ನಕ್ಷೆ ಬರೆದುಕೊಂಡು ಕುಳಿತಿದ್ದಾರೆ. ಎಲುಬು ಇನ್ನೂ ಬಲಿಯುತ್ತಿರುವ ನಾಯಿಯನ್ನು ಆ ವೇಗದಲ್ಲಿ ಗಕ್ಕನೆ ತಿರುಗಿಸಿದರೆ ಕೀಲು ಉಳಿಯುವುದಿಲ್ಲ, ಒಂದೂವರೆ ವರ್ಷವಾದರೂ ತುಂಬಲಿ ಎಂದು ನಾನು ಹೇಳುತ್ತಿದ್ದೇನೆ. ಗೂಟಗಳನ್ನು ಈಗಾಗಲೇ ಕಡಿಸಿ ಇಟ್ಟುಕೊಂಡಿದ್ದಾರೆ.